ನೇಗಿಲು ಕಾಣದ ನೆಲ

ಆಕ್ಸ್‌ಫರ್ಡ್ ಎಂದಕೂಡಲೇ ಜನ ಗೋಪುರ ಎನ್ನುತ್ತಾರೆ, ಗ್ರಂಥಾಲಯ ಎನ್ನುತ್ತಾರೆ, ಕರಿಯ ನಿಲುವಂಗಿ ಎನ್ನುತ್ತಾರೆ. ನನಗೆ ಮೊದಲು ನೆನಪಾಗುವುದು ದನ. ಬೇಲಿಯಾಚೆ ಸಂಡಿಗೆ ಒಣಹಾಕುತ್ತಿದ್ದ ಪಕ್ಕದ ಮನೆಯ ಕಾಕೂಗೆ ಈ ಮಾತು ಹೇಳಿದೆ. ಅವರು ಕೈ ಒರೆಸಿಕೊಳ್ಳುತ್ತ ಬೇಲಿಯ ಹತ್ತಿರಕ್ಕೇ ಬಂದರು.

“ಆಕ್ಸ್‌ಫರ್ಡಿನ್ಯಾಗ ದನಾ ಮೇಯ್ತಾವ? ಖರೇನ?”

“ಖರೇನ ಕಾಕೂ. ರೈಲ್ವೆ ಸ್ಟೇಶನ್ನಿನಿಂದ ಅರ್ಧಾ ತಾಸು ನಡದ್ರ ಸಾಕು. ಆಕಳಾ, ಕುದರಿ, ಬಾತುಕೋಳಿ, ಎಲ್ಲಾ ಒಂದಽ ಕಡೆ. ನಡುವ ನಾವೂ ಅಡ್ಡಾಡಬಹುದು. ಟಿಕೀಟಿಲ್ಲ, ಯಾರೂ ಕೇಳಂಗಿಲ್ಲ.”

ಆ ಜಾಗದ ಹೆಸರು ಪೋರ್ಟ್ ಮೆಡೋ. ಊರಿನ ವಾಯವ್ಯಕ್ಕೆ, ಥೇಮ್ಸ್ ನದಿಯ ಮಗ್ಗುಲಲ್ಲಿ, ಮುನ್ನೂರು ಎಕರೆಗೂ ಮಿಕ್ಕಿ ಹರಡಿಕೊಂಡ ಹುಲ್ಲುಗಾವಲು. ನೆಲ ಎಷ್ಟು ಸಪಾಟೆಂದರೆ ಹುಲ್ಲು ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಎನ್ನುವುದನ್ನು ದನಗಳ ಕಾಲು ನೋಡಿ ತಿಳಿಯಬೇಕು. ಬೇಸಿಗೆಯ ಸಂಜೆ ಆಕಳುಗಳು ಮೊಣಕಾಲುಮಟ್ಟ ನೀರಿಗಿಳಿದು ಬಾಲ ಬೀಸುತ್ತ ನಿಂತಿರುತ್ತವೆ. ಸ್ವಲ್ಪ ಆಚೆಗೆ ಹುಡುಗರು ಈಜುತ್ತಿರುತ್ತಾರೆ. ದಂಡೆಯ ಮೇಲೆ ಪುಸ್ತಕ ಹಿಡಿದವರು, ಜಮಖಾನೆ ಹಾಸಿ ಬುತ್ತಿ ಬಿಚ್ಚಿದವರು, ನಾಯಿ ಕರೆದುಕೊಂಡು ಬಂದವರು, ಪರೀಕ್ಷೆ ಮುಗಿಸಿ ಆಕಾಶ ನೋಡುತ್ತ ಅಂಗಾತ ಬಿದ್ದವರು. ಕುದುರೆಗಳು ಇವರ ನಡುವೆಯೇ ಹಾಯ್ದು ಬಂದು, ಬುತ್ತಿಯ ಚೀಲ ಮೂಸಿ, ತಮಗೆ ಬೇಕಾದ್ದು ಸಿಗದಿದ್ದರೆ ಮುಂದಿನವರ ಕಡೆ ಹೋಗುತ್ತವೆ. ಊರ ಕಡೆ ತಿರುಗಿದರೆ ಮರಗಳ ಸಾಲಿನ ಮೇಲೆ ಚರ್ಚುಗಳ ಶಿಖರ ಕಾಣುತ್ತದೆ.

ಈ ನೆಲಕ್ಕೆ ಈವರೆಗೆ ನೇಗಿಲು ತಾಗಿಲ್ಲ ಎಂದು ಅಲ್ಲಿಯವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ನೋಡಿದರೆ ನಂಬಿಕೆಯೂ ಬರುತ್ತದೆ. ಕಂಚಿನ ಯುಗದ ಜನ ತಮ್ಮವರನ್ನು ಹೂಳಿ ಮೇಲೆ ಏರಿಸಿದ ಮಣ್ಣಿನ ದಿಬ್ಬ ಇನ್ನೂ ಅಲ್ಲಿ ಕಾಣಸಿಗುತ್ತದೆ. ಉಳುವ ಹೊಲದಲ್ಲಿ ಅಂಥ ದಿಬ್ಬ ಉಳಿಯುವುದುಂಟೇ? ವರ್ಷವರ್ಷವೂ ಕುಂಟೆ ಹೊಡೆದು ಹೊಡೆದು ಸಮ ಮಾಡಿಬಿಡುತ್ತೇವೆ. ಇನ್ನು ಕಾಗದದ ಆಧಾರ ಬೇಕೆಂದರೆ ಅದೂ ಇದೆ. 1086ರಲ್ಲಿ ಒಂದನೇ ವಿಲಿಯಂ ದೊರೆ ಕಂದಾಯಕ್ಕಾಗಿ ಇಂಗ್ಲೆಂಡಿನ ಹೊಲ, ಗಿರಣಿ, ದನಕರುಗಳನ್ನೆಲ್ಲ ಲೆಕ್ಕ ಹಾಕಿ ಬರೆಸಿದ ಡೂಮ್ಸ್‌ಡೇ ಪುಸ್ತಕದಲ್ಲಿ, ಆಕ್ಸ್‌ಫರ್ಡಿನ ನಾಗರಿಕರೆಲ್ಲರಿಗೂ ಸೇರಿದ ಒಂದು ಗೋಮಾಳ ಕೋಟೆಗೋಡೆಯ ಹೊರಗಿದೆ, ಅದರಿಂದ ಬರುವ ಹುಟ್ಟುವಳಿ 6 ಶಿಲ್ಲಿಂಗ್ 8 ಪೆನ್ಸ್ ಎಂದು ನಮೂದಾಗಿದೆ. ಆಕ್ಸ್‌ಫರ್ಡಿನಲ್ಲಿ ಪಾಠ ನಡೆಯುತ್ತಿತ್ತು ಎಂಬುದಕ್ಕೆ ಸಿಗುವ ಅತಿ ಹಳೆಯ ಸುಳಿವು 1096ರದು. ಆ ಊರಿನಲ್ಲಿ ಪಾಠದ ದಾಖಲೆಗಿಂತ ಮೇವಿನ ದಾಖಲೆ ಹತ್ತು ವರ್ಷ ಹಿರಿದು.

“ಅಂದ್ರ ನಮ್ಮ ಗಾಯರಾಣ ಇದ್ಧಂಗ ಆತು.”

“ಗಾಯರಾಣನಽ ಕಾಕೂ. ಆದ್ರ ಯಾರ ಬೇಕಾದ್ರೂ ದನಾ ಬಿಡಲಿಕ್ಕೆ ಬರೂದಿಲ್ಲ.”

ಮೇಯಿಸುವ ಹಕ್ಕಿರುವುದು ಎರಡು ಗುಂಪಿನವರಿಗೆ. ‘ಫ್ರೀಮನ್’ ಎಂದು ಕರೆಯುವ ಊರಿನ ಹಳೆಯ ನಾಗರಿಕ ಮನೆತನಗಳವರಿಗೆ, ಮತ್ತು ಮಾಳದ ಉತ್ತರದ ಅಂಚಿನಲ್ಲಿರುವ ವುಲ್ವರ್‌ಕೋಟ್ ಹಳ್ಳಿಯ ಹಕ್ಕುದಾರರಿಗೆ. ಹಕ್ಕಿಲ್ಲದವರೂ ಸಂದು ನೋಡಿ ತಮ್ಮ ಕುದುರೆ ಬಿಡುತ್ತಾರೆ. ಅದಕ್ಕೆ ವರ್ಷಕ್ಕೊಮ್ಮೆ, ಮೊದಲೇ ದಿನ ತಿಳಿಸದೆ, ಆಕ್ಸ್‌ಫರ್ಡಿನ ಶೆರಿಫ್ ಮುಂದಾಳತ್ವದಲ್ಲಿ ಅಲ್ಲಿರುವ ಪ್ರಾಣಿಗಳನ್ನೆಲ್ಲ ಒಂದು ಕಡೆ ಅಟ್ಟಿ ಕೂಡಿಹಾಕುತ್ತಾರೆ. ಹಕ್ಕಿಲ್ಲದವರು ದಂಡ ಕಟ್ಟಿ ಬಿಡಿಸಿಕೊಂಡು ಹೋಗಬೇಕು. ಇದನ್ನು ಕೇಳಿದ ಕಾಕೂಗೆ ಎಲ್ಲಿಲ್ಲದ ಸಂತೋಷ. “ಕೊಂಡವಾಡ! ನಮ್ಮಪ್ಪ ಎಷ್ಟ ಸಲ ಎಮ್ಮಿ ಬಿಡಿಸ್ಕೊಂಡ ಬಂದಾನ ಕೊಂಡವಾಡದಿಂದ!” ಎಂದು ಹಳ್ಳಿಯ ಕೊಂಡವಾಡದ ಕತೆ ಶುರು ಮಾಡಿದರು. ಅವರೂರಿನ ಕೊಂಡವಾಡದ ಗೋಡೆ ಬಿದ್ದು ಬಹಳ ಕಾಲವಾಗಿದೆಯಂತೆ, ಗಾಯರಾಣದಲ್ಲಿ ಈಗ ಮನೆಗಳೆದ್ದಿವೆಯಂತೆ.

ನಾನು ಈ ವಿಷಯ ಹಿಡಿದು ಕೂತಿರುವುದಕ್ಕೆ ಕಾರಣವಿದೆ. ಪೋರ್ಟ್ ಮೆಡೋ ಉಳಿದದ್ದನ್ನು ಯಾವ ದೊರೆಯ ಔದಾರ್ಯದ ಲೆಕ್ಕಕ್ಕೂ ಹಾಕುವಂತಿಲ್ಲ. ಅಲ್ಲಿ ದನ ಬಿಡುವ ಹಕ್ಕು ಜನರಿಗಿತ್ತು, ಅವರು ಆ ಹಕ್ಕನ್ನು ತಲೆಮಾರಿನಿಂದ ತಲೆಮಾರಿಗೆ ನಡೆಸಿಕೊಂಡು ಬಂದರು. ದನ ಮೇಯ್ದದ್ದರಿಂದ ಮುಳ್ಳುಕಂಟಿ ಏಳಲಿಲ್ಲ, ನದಿ ಪ್ರತಿ ಚಳಿಗಾಲ ಉಕ್ಕಿ ಬಂದದ್ದರಿಂದ ಮನೆ ಕಟ್ಟುವ ಆಸೆಯೂ ಯಾರಿಗೂ ಹುಟ್ಟಲಿಲ್ಲ. ಹೀಗೆ ಉಳಿದ ನೆಲದಲ್ಲಿ ಇವತ್ತು ಓದುವ ಹುಡುಗಿಯೊಬ್ಬಳು ದುಡ್ಡು ಕೊಡದೆ, ಅಪ್ಪಣೆ ಕೇಳದೆ ಮಧ್ಯಾಹ್ನವಿಡೀ ಹೊಳೆದಂಡೆಯಲ್ಲಿ ಕೂತಿರಬಹುದು. ವಿದ್ಯೆಯ ಊರಿಗೆ ಇಂಥ ಜಾಗ ಗ್ರಂಥಾಲಯದಷ್ಟೇ ಅಗತ್ಯ ಎಂದು ನಾನು ನಂಬಿದ್ದೇನೆ. ಓದಿದ್ದು ಒಳಗಿಳಿಯಬೇಕಾದರೆ ಕಾಲಿಗೆ ನಡಿಗೆ ಬೇಕು, ಕಣ್ಣಿಗೆ ದೂರ ಬೇಕು.

ಚಳಿಗಾಲದಲ್ಲಿ ಇದೇ ಮಾಳ ಬೇರೆಯದೇ ಜಾಗ. ಥೇಮ್ಸ್ ಉಕ್ಕಿ ಅರ್ಧ ಹುಲ್ಲುಗಾವಲು ಕೆರೆಯಾಗುತ್ತದೆ. ಉತ್ತರದ ಚಳಿ ನಾಡುಗಳಿಂದ ಬಾತುಗಳು ಹಿಂಡುಹಿಂಡಾಗಿ ಬಂದಿಳಿಯುತ್ತವೆ. ನಮ್ಮ ಟಿಟ್ಟಿಭದ ಬಳಗಕ್ಕೆ ಸೇರಿದ, ತಲೆಯ ಮೇಲೆ ಜುಟ್ಟಿರುವ ಹಕ್ಕಿಗಳೂ ಬರುತ್ತವೆ. ಹಿಮ ಬಿದ್ದು ನೀರು ಗಟ್ಟಿಯಾದ ವರ್ಷ ಜನ ಅದರ ಮೇಲೆಯೇ ಜಾರುಬೂಟು ಹಾಕಿಕೊಂಡು ಆಡುತ್ತಾರೆ. ನೆರೆ ಇಳಿದ ಮೇಲೆ ಉಳಿಯುವ ಕೆಸರಿನಲ್ಲಿ, ದನಗಳ ಗೊರಸು ತುಳಿದ ಜಾಗದಲ್ಲಿ, ಬ್ರಿಟನ್ನಿನಲ್ಲಿ ಬಲು ಅಪರೂಪವಾದ ಒಂದು ಸಣ್ಣ ಬಳ್ಳಿ ಹಬ್ಬುತ್ತದೆ. ಕೊತ್ತಂಬರಿ, ಗಜ್ಜರಿಗಳ ಬಳಗದ್ದೇ ಅದು. ದನವೂ ನೆರೆಯೂ ಎರಡೂ ಇದ್ದರಷ್ಟೇ ಅದು ಬದುಕುತ್ತದೆ.

ಮಾಳದ ಪಡುವಣ ಅಂಚಿಗೆ ನದಿ, ನದಿಯಾಚೆ ಕಾಲುದಾರಿ. ಆ ದಾರಿ ಹಿಡಿದು ಮೇಲಕ್ಕೆ ಹೋದರೆ ಬಿನ್ಸಿ ಎಂಬ ಪುಟ್ಟ ಹಳ್ಳಿ, ಅಲ್ಲಿಂದ ಮುಂದೆ ಗಾಡ್‌ಸ್ಟೋ. ಗಾಡ್‌ಸ್ಟೋದಲ್ಲಿ ಸನ್ಯಾಸಿನಿಯರ ಹಳೆಯ ಮಠವೊಂದರ ಪಾಳುಗೋಡೆಗಳಿವೆ. ಅದಕ್ಕಿಂತ ಹೆಚ್ಚಿನ ಕತೆ ಆ ನೀರಿನದು. 1862ರ ಜುಲೈ 4ರಂದು ಕ್ರೈಸ್ಟ್ ಚರ್ಚ್ ಕಾಲೇಜಿನ ಗಣಿತದ ಮೇಷ್ಟ್ರು ಚಾರ್ಲ್ಸ್ ಡಾಡ್‌ಸನ್, ತಮ್ಮ ಗೆಳೆಯನೊಡನೆ ಕಾಲೇಜಿನ ಮುಖ್ಯಸ್ಥರ ಮೂವರು ಹೆಣ್ಣುಮಕ್ಕಳನ್ನು ದೋಣಿಯಲ್ಲಿ ಕೂರಿಸಿಕೊಂಡು, ಊರ ದಕ್ಷಿಣದ ಫಾಲಿ ಬ್ರಿಜ್ಜಿನಿಂದ ಗಾಡ್‌ಸ್ಟೋವರೆಗೆ ಹುಟ್ಟು ಹಾಕಿದರು. ಪೋರ್ಟ್ ಮೆಡೋದ ಉದ್ದಕ್ಕೂ ಹೋಗುವ ದಾರಿ ಅದು. ಮಕ್ಕಳು ಕತೆ ಹೇಳಿ ಎಂದು ಹಟ ಹಿಡಿದವು. ಮೊಲದ ಬಿಲದಲ್ಲಿ ಬಿದ್ದ ಹುಡುಗಿಯ ಕತೆ ಆ ದೋಣಿಯಲ್ಲೇ ಹುಟ್ಟಿತು. ನಡುವಿನವಳಾದ ಹತ್ತು ವರ್ಷದ ಆಲಿಸ್ ಅದನ್ನು ಬರೆದುಕೊಡಿ ಎಂದು ಕೇಳಿದಳು. 1865ರಲ್ಲಿ ಪುಸ್ತಕ ಬಂತು, ಮೇಷ್ಟ್ರು ಲೂಯಿಸ್ ಕ್ಯಾರಲ್ ಎಂದು ಹೆಸರಾದರು. ಅದನ್ನೇ ನಾ. ಕಸ್ತೂರಿಯವರು ‘ಪಾತಾಳದಲ್ಲಿ ಪಾಪಚ್ಚಿ’ ಎಂದು ಕನ್ನಡದ ಮಕ್ಕಳ ಕೈಗಿಟ್ಟರು. ಒಂದು ಬೇಸಿಗೆಯ ಮಧ್ಯಾಹ್ನ, ಒಂದು ದೋಣಿ, ದಂಡೆಯಲ್ಲೊಂದು ಚಹಾ, ಮಾಡಲು ಬೇರೆ ಕೆಲಸವಿಲ್ಲದ ಹೊತ್ತು. ಅಂಥ ಹೊತ್ತನ್ನು ‘ವ್ಯರ್ಥ’ ಎನ್ನುವವರ ಜೊತೆ ನನಗೆ ಜಗಳವಿದೆ.

ಆಕ್ಸ್‌ಫರ್ಡಿಗೆ ಎರಡು ಹೊಳೆ. ದೊಡ್ಡದು ಥೇಮ್ಸ್, ಊರಿನೊಳಗೆ ಅದನ್ನು ಐಸಿಸ್ ಎನ್ನುತ್ತಾರೆ. ಚಿಕ್ಕದು ಚಾರ್ವೆಲ್. ಇಕ್ಕಟ್ಟಾದ, ಅಂಕುಡೊಂಕಾದ, ಎರಡೂ ಬದಿಯಿಂದ ನೀರಿಗೆ ಬಾಗಿದ ವಿಲ್ಲೋ ಮರಗಳಿರುವ ಹೊಳೆ. ದೋಣಿಯಲ್ಲಿ ಸುಮ್ಮನೆ ಹೋಗಿಬರುವ ಸುಖವೆಲ್ಲ ಈ ಚಿಕ್ಕ ಹೊಳೆಯದು. ಅಲ್ಲಿಯ ದೋಣಿಗೆ ಪಂಟ್ ಎಂದು ಹೆಸರು. ತಳ ಚಪ್ಪಟೆ, ಎರಡೂ ತುದಿ ಚೌಕ, ಆಳವಿಲ್ಲದ ನೀರಿನಲ್ಲೂ ನಡೆಯುತ್ತದೆ. ಹುಟ್ಟು ಹಾಕುವ ಪದ್ಧತಿಯಿಲ್ಲ. ಸುಮಾರು ಹದಿನಾರು ಅಡಿ ಉದ್ದದ ಗಳವೊಂದನ್ನು ಕೈಗೆ ಕೊಡುತ್ತಾರೆ, ನಿಂತುಕೊಂಡೇ ತಳಕ್ಕೆ ಊರಿ ತಳ್ಳಿಕೊಂಡು ಹೋಗಬೇಕು.

ಕಾಕೂಗೆ ಹೊಳೆ ದಾಟುವ ಹರಿಗೋಲು ಗೊತ್ತು, ಗಳದ ದೋಣಿ ಗೊತ್ತಿಲ್ಲ. ಹಿತ್ತಲಲ್ಲಿ ಬಿದ್ದಿದ್ದ ಬಟ್ಟೆ ಒಣಗಿಸುವ ಬಿದಿರನ್ನೇ ಎತ್ತಿ ತೋರಿಸಿದೆ. ದೋಣಿಯ ಹಿಂತುದಿಯಲ್ಲಿ ಕಾಲು ಅಗಲಿಸಿ ನಿಲ್ಲಬೇಕು. ಗಳವನ್ನು ನೆಟ್ಟಗೆ, ದೋಣಿಯ ಪಕ್ಕಕ್ಕೇ, ಕೈಯೊಳಗಿಂದ ಜಾರಿಬಿಡಬೇಕು. ಒತ್ತಿ ಇಳಿಸುವ ಅಗತ್ಯವಿಲ್ಲ, ಅದರ ಭಾರವೇ ಅದನ್ನು ತಳಕ್ಕೆ ಒಯ್ಯುತ್ತದೆ. ತಳ ತಾಗಿದ್ದು ಅಂಗೈಗೆ ತಿಳಿಯುತ್ತದೆ: ಜಲ್ಲಿಯಿದ್ದರೆ ‘ಟಕ್’ ಎನ್ನುತ್ತದೆ, ಕೆಸರಿದ್ದರೆ ಸದ್ದೇ ಇಲ್ಲ. ಆಗ ಕೈಮೇಲೆ ಕೈ ಹಾಕುತ್ತ ಗಳವನ್ನು ತಳ್ಳಿದರೆ ದೋಣಿ ಮುಂದಕ್ಕೆ ಸರಿಯುತ್ತದೆ. ತಳ್ಳಿ ಮುಗಿದ ಮೇಲೆ ಗಳವನ್ನು ಕೂಡಲೇ ಎತ್ತಬಾರದು. ಒಂದು ಕ್ಷಣ ಹಿಂದೆ ತೇಲಲು ಬಿಟ್ಟು, ಚುಕ್ಕಾಣಿಯಂತೆ ಎಡಕ್ಕೋ ಬಲಕ್ಕೋ ಆಡಿಸಿ ದೋಣಿಯ ಮೂತಿ ತಿರುಗಿಸಿಕೊಳ್ಳಬೇಕು. ಆಮೇಲೆ ಎತ್ತುವಾಗ ತಣ್ಣನೆಯ ನೀರು ಗಳದಿಂದಿಳಿದು ತೋಳಿನೊಳಗೆ ಮೊಣಕೈವರೆಗೂ ಹರಿಯುತ್ತದೆ. ಕೆಸರಿನಲ್ಲಿ ಗಳ ಕಚ್ಚಿಕೊಂಡರೆ ಒಮ್ಮೆ ತಿರುಚಿ ಎಳೆಯಬೇಕು, ಬರಲಿಲ್ಲವೋ ಬಿಟ್ಟುಬಿಡಬೇಕು. ಬಿಡದೆ ಹಿಡಿದುಕೊಂಡವರನ್ನು ಗಳವೇ ಇಟ್ಟುಕೊಳ್ಳುತ್ತದೆ, ದೋಣಿ ಮುಂದೆ ಹೋಗುತ್ತದೆ. ಗಳ ತರುವುದಕ್ಕೆ ವಾಪಸು ಹೋಗಲೆಂದೇ ದೋಣಿಯೊಳಗೆ ಒಂದು ಚಿಕ್ಕ ಹುಟ್ಟು ಇಟ್ಟಿರುತ್ತಾರೆ.

ಕೇಂಬ್ರಿಜ್ಜಿನವರು ಇದೇ ದೋಣಿಯ ಇನ್ನೊಂದು ತುದಿಯಲ್ಲಿ, ಹಲಗೆ ಹೊದಿಸಿದ ಕಟ್ಟೆಯ ಮೇಲೆ ನಿಲ್ಲುತ್ತಾರೆ. ಆಕ್ಸ್‌ಫರ್ಡಿನವರು ಕಟ್ಟೆಯನ್ನು ಮುಂದೆ ಮಾಡಿ, ತಗ್ಗಿನ ತುದಿಯಲ್ಲಿ, ದೋಣಿಯೊಳಗೇ ನಿಲ್ಲುತ್ತಾರೆ. ಯಾವುದು ಸರಿ ಎಂಬ ವಾದ ಎರಡೂ ಊರುಗಳಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ನಾನು ಆಕ್ಸ್‌ಫರ್ಡಿನ ಕಡೆ. ಒಳಗೆ ನಿಂತರೆ ಕಾಲು ಜಾರುವ ಭಯ ಕಡಿಮೆ, ಕೂತವರ ಜೊತೆ ಮಾತಿಗೂ ಹತ್ತಿರ.

ಮಾಡ್ಲಿನ್ ಸೇತುವೆಯ ಬುಡದಲ್ಲಿ ದೋಣಿ ಬಾಡಿಗೆಗೆ ಸಿಗುತ್ತದೆ. ಅಲ್ಲಿಂದ ಮೇಲಕ್ಕೆ ಹೊರಟರೆ ಮನೆ, ರಸ್ತೆ, ಬಸ್ಸಿನ ಸದ್ದು ಎಲ್ಲ ಸ್ವಲ್ಪದರಲ್ಲೇ ಹಿಂದೆ ಉಳಿಯುತ್ತವೆ. ಮುಂದೆ ಹೊಳೆ ಎರಡು ಸೀಳಾಗಿ, ನಡುವೆ ಒಂದು ಉದ್ದನೆಯ ನೆಲದ ಪಟ್ಟಿ ಬಿಟ್ಟುಕೊಡುತ್ತದೆ. ಎರಡು ನೀರಿನ ನಡುವಿನ ಆ ಕಾಲುದಾರಿಗೆ ಮೆಸೊಪೊಟೇಮಿಯಾ ಎಂದೇ ಹೆಸರಿಟ್ಟಿದ್ದಾರೆ. ಅದರ ತುದಿಯಲ್ಲಿ ಒಂದು ಒಡ್ಡು. ದೋಣಿ ಹತ್ತಿಸಲು ಅಲ್ಲಿ ಉರುಳೆಗಳ ಸಾಲು ಹಾಕಿದ್ದಾರೆ. ಎಲ್ಲರೂ ಇಳಿದು, ಅಪರಿಚಿತರೂ ಕೈಕೂಡಿಸಿ, ದೋಣಿಯನ್ನು ಉರುಳೆಗಳ ಮೇಲೆ ಎಳೆದು ಮೇಲಿನ ನೀರಿಗೆ ಬಿಡಬೇಕು. ಇಬ್ಬರು ಪ್ರೊಫೆಸರುಗಳಾಗಲಿ, ಇಬ್ಬರು ಅಡುಗೆಯವರಾಗಲಿ, ಅಲ್ಲಿ ದೋಣಿಗೆ ಕೈ ಹಚ್ಚುವವರೇ.

ಒಡ್ಡು ದಾಟಿದರೆ ಯೂನಿವರ್ಸಿಟಿ ಪಾರ್ಕ್ಸ್. ಚಾರ್ವೆಲ್ ದಂಡೆಯಲ್ಲಿ ಎಪ್ಪತ್ತು ಎಕರೆಯಷ್ಟು ಮರ-ಹುಲ್ಲಿನ ಜಾಗ. 1850ರ ದಶಕದಲ್ಲಿ ವಿಶ್ವವಿದ್ಯಾಲಯ ಈ ನೆಲವನ್ನು ಮರ್ಟನ್ ಕಾಲೇಜಿನಿಂದ ಕೊಳ್ಳತೊಡಗಿತು. ನಡುವಿನ ಮೈದಾನದಲ್ಲಿ 1881ರಿಂದ ವಿಶ್ವವಿದ್ಯಾಲಯದ ಕ್ರಿಕೆಟ್. ಪ್ರಥಮ ದರ್ಜೆಯ ಪಂದ್ಯವನ್ನೂ ಇಲ್ಲಿ ಟಿಕೆಟ್ಟಿಲ್ಲದೆ, ಹುಲ್ಲಿನ ಮೇಲೆ ಕೂತು ನೋಡಬಹುದಿತ್ತು. ಟೈಗರ್ ಪಟೌಡಿ 1961ರಲ್ಲಿ ಆಕ್ಸ್‌ಫರ್ಡ್ ತಂಡದ ನಾಯಕರಾಗಿದ್ದರು.

“ನಮ್ಮ ಗಿರೀಶ ಕಾರ್ನಾಡರು ಅಲ್ಲೇ ಇದ್ರಲ್ಲ ಆವಾಗ?” ಎಂದರು ಕಾಕೂ. ಧಾರವಾಡದವರಿಗೆ ಇದನ್ನೆಲ್ಲ ಹೇಳಿಕೊಡಬೇಕಿಲ್ಲ.

ಇದ್ದರು. ರೋಡ್ಸ್ ಸ್ಕಾಲರ್ ಆಗಿ 1960ರಿಂದ 1963ರವರೆಗೆ, ಮಾಡ್ಲಿನ್ ಕಾಲೇಜಿನಲ್ಲಿ. ಆಕ್ಸ್‌ಫರ್ಡ್ ಯೂನಿಯನ್ ಎಂಬ ಹೆಸರಾಂತ ಚರ್ಚಾಕೂಟಕ್ಕೆ ಅಧ್ಯಕ್ಷರೂ ಆದರು. ಅವರು ಅಲ್ಲಿದ್ದಾಗಲೇ, 1961ರಲ್ಲಿ, ಇಲ್ಲಿ ನಮ್ಮ ಮನೋಹರ ಗ್ರಂಥಮಾಲೆಯವರು ಅವರ ‘ಯಯಾತಿ’ ನಾಟಕವನ್ನು ಹೊರತಂದರು. ಅವರಿಗೂ ಮೊದಲು, 1936ರಲ್ಲಿ, ಇದೇ ಧಾರವಾಡದಲ್ಲಿ ಓದಿದ್ದ ವಿ.ಕೃ. ಗೋಕಾಕರು ಇಂಗ್ಲಿಷ್ ಸಾಹಿತ್ಯ ಓದಲು ಆಕ್ಸ್‌ಫರ್ಡಿಗೆ ಹಡಗು ಹತ್ತಿದ್ದರು. ಹೀಗೆ ಧಾರವಾಡಕ್ಕೂ ಆ ಎರಡು ಹೊಳೆಯ ಊರಿಗೂ ಒಂದು ಹಳೆಯ ನಂಟು.

ಮಾಡ್ಲಿನ್ ಕಾಲೇಜು 1458ರದು. ಅದರ ಬೆನ್ನಿಗೆ ಜಿಂಕೆವನ, ಅದರಾಚೆ ಚಾರ್ವೆಲ್‌ನ ಕವಲುಗಳು ಸುತ್ತುವರಿದ ಒಂದು ಹುಲ್ಲುಗಾವಲು, ಅದರ ಸುತ್ತ ಮರಗಳ ನೆರಳಿನಲ್ಲಿ ಆಡಿಸನ್ಸ್ ವಾಕ್ ಎಂಬ ನಡೆದಾರಿ. ಏಪ್ರಿಲ್ ತಿಂಗಳಲ್ಲಿ ಆ ಹುಲ್ಲಿನೊಳಗೆ ಫ್ರಿಟಿಲರಿ ಎಂಬ ಹೂ ಅರಳುತ್ತದೆ. ತಲೆ ಬಾಗಿಸಿದ ಪುಟ್ಟ ಗಂಟೆ, ಬಣ್ಣ ನೇರಳೆ, ಮೈಮೇಲೆ ಚೌಕಳಿ. ನಾನು ಮಂಡಿಯೂರಿ ಒಂದನ್ನು ಹತ್ತಿರದಿಂದ ನೋಡಿದ್ದೇನೆ. ಇಳಕಲ್ ಸೀರೆಯ ಚೌಕಳಿಯನ್ನು ಬೆರಳಷ್ಟು ಹೂವಿಗೆ ನೇಯ್ದ ಹಾಗಿತ್ತು. ಹೂ ಬಿಟ್ಟು ಬೀಜ ಉದುರುವವರೆಗೆ ಜಿಂಕೆಗಳನ್ನು ಆ ಕಡೆ ಬಿಡುವುದಿಲ್ಲ. ಬೀಜ ಬಿದ್ದಾದ ಮೇಲೆ ಮೇಯಲು ಬಿಡುತ್ತಾರೆ.

ಊರಿನ ದಕ್ಷಿಣಕ್ಕೆ ಇಫ್ಲಿ ಎಂಬಲ್ಲಿ ಥೇಮ್ಸ್ ದಂಡೆಯ ಹುಲ್ಲುಗಾವಲಿನಲ್ಲಿ ಇದೇ ಹೂ 1983ರಲ್ಲಿ ಎಣಿಸಿದಾಗ ಐದುನೂರರ ಆಸುಪಾಸಿತ್ತು. ಅಲ್ಲಿಯ ವನ್ಯಜೀವಿ ಸಂಸ್ಥೆಯವರು ಮಾಡಿದ್ದು ಇಷ್ಟೇ: ಗೊಬ್ಬರ ಹಾಕಲಿಲ್ಲ, ಬೀಜ ಕಟ್ಟಿದ ಮೇಲೆಯೇ ಹುಲ್ಲು ಕೊಯ್ದರು, ಕೊಯ್ಲಾದ ಮೇಲೆ ದನ ಬಿಟ್ಟರು. ಇವತ್ತು ಅಲ್ಲಿ ಹೂಗಳ ಎಣಿಕೆ ಹತ್ತಾರು ಸಾವಿರ. ಸ್ವಯಂಸೇವಕರು ವಸಂತದಲ್ಲಿ ಸಾಲುಗಟ್ಟಿ ನಡೆಯುತ್ತ ಎಣಿಸುತ್ತಾರೆ.

“ಎಲ್ಲಾ ಛಂದಽ ಹೇಳ್ಲಿಕ್ಹತ್ತಿ. ಗ್ವಾಡಿ ಇಲ್ಲೇನ ಆ ಊರಿಗೆ?” ಎಂದು ಕಾಕೂ ಕೇಳಿದ್ದು ನ್ಯಾಯವಾಗಿಯೇ ಇತ್ತು.

ಇದೆ, ಬೇಕಾದಷ್ಟಿದೆ. ಆಕ್ಸ್‌ಫರ್ಡಿನ ಅಂದದ ಹಸಿರಿನ ದೊಡ್ಡ ಪಾಲು ಕಾಲೇಜುಗಳ ಎತ್ತರದ ಕಲ್ಲುಗೋಡೆಗಳ ಹಿಂದಿದೆ. ಒಂದೊಂದು ಅಂಗಳದ ಹುಲ್ಲಿನ ಮೇಲೆ ಆ ಕಾಲೇಜಿನ ಅಧ್ಯಾಪಕರಷ್ಟೇ ಕಾಲಿಡಬಹುದು, ವಿದ್ಯಾರ್ಥಿಗಳಿಗೂ ಇಲ್ಲ. ಮಾಡ್ಲಿನ್‌ನ ಹೂ ನೋಡಲು ಹೊರಗಿನವರು ಟಿಕೆಟ್ ಕೊಳ್ಳಬೇಕು. ಕ್ರೈಸ್ಟ್ ಚರ್ಚ್ ಮೆಡೋ ಇವತ್ತು ಬೆಳಗಿನಿಂದ ಸಂಜೆಯವರೆಗೆ ಎಲ್ಲರಿಗೂ ತೆರೆದಿದೆ. ಆದರೂ ಅದರ ದ್ವಾರದ ಬಳಿಯ ಹಳೆಯ ಫಲಕ ಓದಿದರೆ ಮನಸ್ಸು ಕಹಿಯಾಗುತ್ತದೆ: ಭಿಕ್ಷುಕರನ್ನು, ಹರಕು ಬಟ್ಟೆಯವರನ್ನು, ಕೊಳೆ ಬಟ್ಟೆಯವರನ್ನು ಒಳಗೆ ಬಿಡಬಾರದೆಂದು ಕಾವಲುಗಾರರಿಗೆ ಅದರಲ್ಲಿ ಅಪ್ಪಣೆಯಿದೆ. ದಣಿದು ಬಂದ ಕೂಲಿಯವನಿಗೇ ಇಲ್ಲದ ನೆರಳು ಇನ್ನಾರಿಗೆ? ಪೋರ್ಟ್ ಮೆಡೋ ನನಗೆ ಹೆಚ್ಚು ಪ್ರಿಯವಾದದ್ದು ಇದರಿಂದಲೇ. ಅದರ ಗೇಟಿನಲ್ಲಿ ಬಟ್ಟೆ ನೋಡುವವರಿಲ್ಲ.

ಅದೇ ಕ್ರೈಸ್ಟ್ ಚರ್ಚ್ ಮೆಡೋಗೂ ಒಮ್ಮೆ ಕುತ್ತು ಬಂದಿತ್ತು. ಪಕ್ಕದ ಕೌಲಿಯಲ್ಲಿ ಮೋಟಾರು ಕಾರ್ಖಾನೆ ಬೆಳೆದು, ಊರಿನ ಹಳೆಯ ಹೈ ಸ್ಟ್ರೀಟ್ ಗಾಡಿಗಳಿಂದ ಕಟ್ಟಿಕೊಂಡಿತು. 1948ರಲ್ಲಿ ನಗರ ಯೋಜಕ ಥಾಮಸ್ ಶಾರ್ಪ್ ಈ ಹುಲ್ಲುಗಾವಲನ್ನು ಹಾಯ್ದು ಒಂದು ರಸ್ತೆ ಮಾಡಿರೆಂದು ಸಲಹೆ ಕೊಟ್ಟರು. ಹೈ ಸ್ಟ್ರೀಟಿನ ಕಟ್ಟಡಗಳನ್ನು ಉಳಿಸಬೇಕೆಂಬ ಕಳಕಳಿಯಿಂದಲೇ ಕೊಟ್ಟ ಸಲಹೆ ಅದು. ಪರ-ವಿರೋಧದ ವಾದ ಎರಡು ದಶಕಕ್ಕೂ ಮೀರಿ ನಡೆಯಿತು, ಲಂಡನ್ನಿನ ಮಂತ್ರಿಗಳವರೆಗೂ ಹೋಯಿತು. ಕೊನೆಗೆ ರಸ್ತೆಯ ಮಾತು ಬಿಟ್ಟುಹೋಯಿತು. ಊರ ಹೊರಗಿನಿಂದ ವರ್ತುಲ ರಸ್ತೆ ಬಂತು. 1973ರಲ್ಲಿ ಕಾರನ್ನು ಊರಾಚೆ ನಿಲ್ಲಿಸಿ ಬಸ್ಸಿನಲ್ಲಿ ಒಳಗೆ ಬರುವ ವ್ಯವಸ್ಥೆಯೂ ಶುರುವಾಯಿತು. ಇವತ್ತು ಆ ಹುಲ್ಲಿನಲ್ಲಿ ಉದ್ದ ಕೊಂಬಿನ ದನಗಳು ಮೇಯುತ್ತಿವೆ. ಅದರಂಚಿನ ನೀರಿನಲ್ಲಿ ಮೇ ತಿಂಗಳಲ್ಲಿ ಕಾಲೇಜುಗಳ ದೋಣಿ ಪಂದ್ಯ. ಹೊಳೆ ಅಕ್ಕಪಕ್ಕ ದೋಣಿ ಓಡಿಸಲು ಸಾಲದಷ್ಟು ಇಕ್ಕಟ್ಟು, ಅದಕ್ಕೇ ಒಂದರ ಹಿಂದೊಂದು ನಿಲ್ಲಿಸಿ ಹೊರಡಿಸುತ್ತಾರೆ, ಮುಂದಿನ ದೋಣಿಯನ್ನು ತಾಗಿದರೆ ಗೆದ್ದ ಹಾಗೆ. ನೋಡಲು ದಂಡೆಯ ತುಂಬ ಜನ.

ಎಲ್ಲ ಸಲವೂ ಹುಲ್ಲು ಗೆದ್ದಿಲ್ಲ. 2013ರ ಹೊತ್ತಿಗೆ ವಿಶ್ವವಿದ್ಯಾಲಯ ರೈಲ್ವೆ ಹಳಿಯ ಪಕ್ಕ, ಪೋರ್ಟ್ ಮೆಡೋದ ಅಂಚಿಗೆ, ಸ್ನಾತಕೋತ್ತರ ವಿದ್ಯಾರ್ಥಿಗಳಿಗಾಗಿ ಐದು ಅಂತಸ್ತಿನ ವಸತಿಗಳನ್ನು ಕಟ್ಟಿತು. ಮಾಳದಿಂದ ಕಾಣುತ್ತಿದ್ದ ಶಿಖರಗಳಿಗೆ ಅವು ಅಡ್ಡ ನಿಂತವು. ಊರವರು ಮೇಲಿನ ಅಂತಸ್ತು ತೆಗೆಸಿ ಎಂದು ಹೋರಾಡಿದರು. 2015ರಲ್ಲಿ ವಿಶ್ವವಿದ್ಯಾಲಯದ ಸಭೆ ಮತ ಹಾಕಿ ಅದನ್ನು ತಳ್ಳಿಹಾಕಿತು. ವಿದ್ಯಾರ್ಥಿಗಳಿಗೆ ಮನೆ ಬೇಕು ನಿಜ, ಆಕ್ಸ್‌ಫರ್ಡಿನಲ್ಲಿ ಬಾಡಿಗೆ ಕೇಳಿದರೆ ಎದೆ ನಡುಗುತ್ತದೆ. ಆದರೂ ಅಷ್ಟು ಎತ್ತರ, ಅದೂ ಆ ಜಾಗದಲ್ಲಿ, ಬೇಡವಾಗಿತ್ತು ಎಂಬುದೇ ನನ್ನ ಅಭಿಪ್ರಾಯ.

ನೀರಿನ ಕತೆ ಇನ್ನೂ ಬೇಸರದ್ದು. ಪೋರ್ಟ್ ಮೆಡೋ ಪಕ್ಕದ ವುಲ್ವರ್‌ಕೋಟಿನ ಕಾಲುವೆಗೆ 2022ರಲ್ಲಿ ಸ್ನಾನಯೋಗ್ಯ ನೀರಿನ ತಾಣವೆಂಬ ಅಧಿಕೃತ ಪಟ್ಟ ಸಿಕ್ಕಿತು. ಈಜುವವರು ಸಹಿ ಸಂಗ್ರಹಿಸಿ, ನೀರಿನ ಮಾದರಿ ಪರೀಕ್ಷೆ ಮಾಡಿಸಿ ಪಡೆದ ಪಟ್ಟ. ಪಟ್ಟ ಬಂದರೆ ಸರಕಾರ ಪ್ರತಿ ಬೇಸಿಗೆಯೂ ನೀರು ಪರೀಕ್ಷಿಸಲೇಬೇಕು. ಪರೀಕ್ಷೆಯಾಯಿತು, ದರ್ಜೆ ‘ಕಳಪೆ’ ಎಂದು ಬಂತು, ಮರುವರ್ಷವೂ ಹಾಗೇ. ಮಳೆ ಜೋರಾದಾಗ ಮೇಲಿನ ಊರುಗಳ ಚರಂಡಿ ನೀರು ಸಂಸ್ಕರಣೆಯಿಲ್ಲದೆ ನದಿಗೆ ಬೀಳುತ್ತದೆ, ಹೊಲಗಳಿಂದ ತೊಳೆದು ಬರುವ ಗೊಬ್ಬರವೂ ಸೇರುತ್ತದೆ. ಈಜುಗಾರರು ಹತಾಶರಾಗಿಲ್ಲ. ಕಳಪೆ ಎಂದು ಸರಕಾರಿ ಕಾಗದದಲ್ಲೇ ಬರೆಸಿದ್ದೇವೆ, ಇನ್ನು ಸರಿಮಾಡಿಸುವ ಜವಾಬ್ದಾರಿಯೂ ಅವರದೇ ಎನ್ನುತ್ತಾರೆ.

“ನಮ್ಮ ಊರಾಗೂ ಹೊಳಿ ಹುಟ್ಟತದ, ಗೊತ್ತದ ಇಲ್ಲ?” ಎಂದು ಕಾಕೂ ಕೇಳಿದರು. ಗೊತ್ತಿದೆ. ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲೆ. ಧಾರವಾಡದಲ್ಲೇ ಹುಟ್ಟಿದ ಹೊಳೆಗೆ ಧಾರವಾಡದಲ್ಲಿ ದಂಡೆ ಕಾಣುವುದಿಲ್ಲ. ನಮ್ಮದೂ ವಿದ್ಯೆಯ ಊರು. ಕರ್ನಾಟಕ ವಿಶ್ವವಿದ್ಯಾಲಯ 1950ರಲ್ಲಿ ಮುಂಬಯಿಯಿಂದ ಇಲ್ಲಿಗೆ ಬಂತು, ಛೋಟಾ ಮಹಾಬಳೇಶ್ವರ ಗುಡ್ಡದ ಮೇಲೆ ಅದಕ್ಕೆ ನೂರಾರು ಎಕರೆ ಜಾಗವಿದೆ. ಬೆಳಗಿನ ಜಾವ ಅಲ್ಲಿಯ ದಾರಿಗಳಲ್ಲಿ ಅರ್ಧ ಧಾರವಾಡ ಅಡ್ಡಾಡುತ್ತದೆ. ಕೃಷಿ ವಿಶ್ವವಿದ್ಯಾಲಯದ ಹೊಲಗಳಿವೆ, ಕೆಲಗೇರಿ ಕೆರೆಯಿದೆ, ಬೇಂದ್ರೆಯವರ ಮನೆಯೆದುರಿಗೆ ಸಾಧನಕೇರಿಯಿದೆ. ಕೆಲಗೇರಿಯ ಏರಿಯ ಮೇಲೆ ಸಂಜೆ ಕೂತವರ ಕೈಯಲ್ಲಿ ಪುಸ್ತಕವೂ ಇರುತ್ತದೆ, ಚುರುಮುರಿಯೂ ಇರುತ್ತದೆ. ನನಗೆ ಬೇಕಿರುವುದು ಈ ಜಾಗಗಳಿಗೆ ಇನ್ನಷ್ಟು ಕಾರಂಜಿ, ಇನ್ನಷ್ಟು ಕಬ್ಬಿಣದ ಸರಳು, ಇನ್ನಷ್ಟು ಸಿಮೆಂಟಿನ ಪ್ರಾಣಿ ಅಲ್ಲ. ಹುಲ್ಲು ಹುಲ್ಲಾಗಿಯೇ ಇರಲಿ, ಕೆರೆಗೆ ಹರಿದು ಬರುವ ನೀರು ಚೊಕ್ಕಟವಿರಲಿ, ಎಮ್ಮೆ ಮೈತೊಳೆಯುವವನಿಗೂ ಓದುವ ಹುಡುಗನಿಗೂ ಒಂದೇ ದಂಡೆಯಿರಲಿ. ಕಾಕೂ ಇದಕ್ಕೆ ತಲೆಯಾಡಿಸಿದರು. ಅವರ ಕಣ್ಣು ನಡುನಡುವೆ ಸಂಡಿಗೆಯ ಕಡೆಗೂ ಹೋಗುತ್ತಿತ್ತು, ಕಾಗೆಗಳು ಕಾಂಪೌಂಡಿನ ಮೇಲೆ ಕೂತಿದ್ದವು.

ಅವರ ಅಕ್ಕನ ಮಗ ಲಂಡನ್ನಿನಲ್ಲಿದ್ದಾನಂತೆ, ರಜಾ ಬಂದರೆ ಶಾಪಿಂಗ್ ಮಾಲಿಗೆ ಹೋಗುತ್ತಾನಂತೆ. “ಅವಗ ಹೇಳ್ತೀನಿ, ಹೋಗಿ ಬಾ ಅಂತ. ಏನೇನ ಹೇಳಲಿ?” ಎಂದರು.

ಹೇಳಿದೆ. ಪ್ಯಾಡಿಂಗ್ಟನ್ನಿನಿಂದ ರೈಲು ಹತ್ತಿದರೆ ಒಂದು ತಾಸಿನ ದಾರಿ. ಹೂ ನೋಡಬೇಕಿದ್ದರೆ ಏಪ್ರಿಲ್ ನಡುವಿಗೆ ಹೋಗಲಿ, ನೀರಿಗಿಳಿಯುವ ಮನಸ್ಸಿದ್ದರೆ ಜೂನ್ ಒಳ್ಳೆಯದು. ದೋಣಿ ಚಳಿಗಾಲದಲ್ಲಿ ಸಿಗುವುದಿಲ್ಲ. ಸ್ಟೇಶನ್ನಿನಿಂದ ಮೊದಲು ವಾಲ್ಟನ್ ವೆಲ್ ರೋಡ್ ಹಿಡಿದು ಮಾಳಕ್ಕೆ ಇಳಿಯಲಿ. ಹುಲ್ಲು ದಾಟಿ, ನದಿಯ ಕಾಲುಸೇತುವೆ ಹಾದು, ಪಡುವಣ ದಂಡೆಯಲ್ಲೇ ಬಿನ್ಸಿ ಬಿಟ್ಟು ಗಾಡ್‌ಸ್ಟೋ ತನಕ ನಡೆಯಲಿ, ಅಲ್ಲಿಂದ ವುಲ್ವರ್‌ಕೋಟಿಗೆ ಹತ್ತಿ ಬಸ್ಸಿನಲ್ಲಿ ಊರಿಗೆ ಮರಳಬಹುದು. ಬುತ್ತಿ ಕಟ್ಟಿಕೊಂಡು ಹೋಗಲಿ, ಕುದುರೆ ಬಂದರೆ ಮುಚ್ಚಿಟ್ಟುಕೊಳ್ಳಲಿ. ಮಳೆಯಾಗಿದ್ದರೆ ಮೊಣಕಾಲಿನ ರಬ್ಬರ್ ಬೂಟು ಬೇಕು.

“ಮತ್ತ ಕಾಕೂ, ಗೇಟ್ ದಾಟಿದ ಮ್ಯಾಲೆ ಮರೀದಽ ಹಾಕ್ಕೋ ಅಂತ ಹೇಳ್ರಿ. ತೆರದ ಬಿಟ್ರ ದನಾ ರಸ್ತೆಕ್ಕ ಬರತಾವ.”